ಹೆರಿಗೆ ನೋವು ಬಿಟ್ಟು ಬಿಟ್ಟು ಬರುವುದೇಕೆ

ಭೂಮಿ ಇನ್ನೂ ಹೊಸದಾಗಿದ್ದ ಕಾಲ, ಮಗಾ. ಆಗ ಗಾಳಿ, ನೆತ್ತರು, ನೋವು ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು.

ಆಗಿನವರೆಲ್ಲ ಮಣ್ಣಿನಿಂದಲೇ ಎದ್ದು ಬಂದವರು. ಅವರಲ್ಲಿ ಎಲ್ಲರಿಗಿಂತ ಮೊದಲು ಬಸುರಾದವಳು ಕೆಂಚವ್ವ. ಗಾಳಿಗೆ ಚಿಂತೆಯಾಯಿತು. "ಕೂಸು ಒಳಗೆ ನೀರಿನಲ್ಲಿ ಮುಳುಗಿದೆ. ನಾನು ಅದನ್ನು ಮುಟ್ಟುವುದು ಹೇಗೆ?" ಎಂದಿತು.

ಗರ್ಭದ ಗೋಡೆಗೆ ಅಂಟಿಕೊಂಡು ಮಾಸು ಇತ್ತು. ಕೂಸು ಹುಟ್ಟಿದ ಮೇಲೆ ಹಿಂದೆಯೇ ಬೀಳುತ್ತದಲ್ಲ, ಅದೇ ಮಾಸು. ಅದು ಹೇಳಿತು: "ನೀನು ತಾಯಿಯ ಎದೆಗೆ ಹೋಗು. ಅವಳ ನೆತ್ತರು ನಿನ್ನನ್ನು ನನ್ನ ತನಕ ತರಲಿ. ನಾನು ಕೂಸಿನ ನೆತ್ತರಿಗೆ ದಾಟಿಸುತ್ತೇನೆ. ಹೊಕ್ಕುಳಬಳ್ಳಿ ಕೂಸಿಗೆ ಮುಟ್ಟಿಸುತ್ತದೆ."

ಹಾಗೇ ಆಯಿತು. ಕೆಂಚವ್ವ ಉಸಿರೆಳೆದಳು, ಕೂಸು ಬೆಳೆಯಿತು. ಕೆಂಚವ್ವ ಉಸಿರೆಳೆದಳು, ಕೂಸು ಕಾಲಾಡಿಸಿತು. ಒಂಬತ್ತು ತಿಂಗಳು ತುಂಬಿದವು.

ಒಂದು ಬೆಳಗ್ಗೆ ನೋವು ಬಂದು ಬಸಿರನ್ನು ಹಿಡಿಯಿತು. ಅದಕ್ಕೂ ಅದೇ ಮೊದಲ ಹೆರಿಗೆ. ಹಿಡಿಯುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ಕೆಂಚವ್ವನ ಅಕ್ಕ ಸಾಕವ್ವ ಪಕ್ಕದಲ್ಲೇ ಇದ್ದಳು. ತಂಗಿ ಒದ್ದಾಡುವುದನ್ನು ಅವಳಿಗೆ ನೋಡಲಾಗಲಿಲ್ಲ.

"ಬಿಡಬೇಡ, ಒಂದೇ ಸಲಕ್ಕೆ ಮುಗಿಸಿಬಿಡು," ಎಂದಳು ನೋವಿಗೆ. "ಇವಳು ಇನ್ನು ತಾಳಲಾರಳು."

ನೋವು ಇನ್ನೂ ಬಿಗಿಯಾಗಿ ಹಿಡಿಯಿತು. ಆ ಬಿಗಿಗೆ ನೆತ್ತರಿನ ದಾರಿ ಅಮುಕಿಹೋಯಿತು.

"ಸ್ವಲ್ಪ ಬಿಡು," ಎಂದಿತು ಮಾಸು. "ನೆತ್ತರು ಬರುತ್ತಿಲ್ಲ. ಕೂಸಿಗೆ ಕೊಡಲು ನನ್ನ ಹತ್ತಿರ ಗಾಳಿ ಉಳಿದಿಲ್ಲ."

"ಇನ್ನೇನು, ಆಗೇಹೋಯಿತು," ಎಂದಿತು ನೋವು.

"ಸ್ವಲ್ಪ ಬಿಡು," ಮಾಸು ಮತ್ತೆ ಕೇಳಿತು. ಈ ಸಲ ಅದರ ದನಿ ಸಣ್ಣದಾಗಿತ್ತು.

ನೋವಿಗೆ ಕೇಳಿಸಿತು. ಆದರೂ ಬಿಡಲಿಲ್ಲ.

ಕೂಸು ಹೊರಗೆ ಬಂತು. ಹೆಣ್ಣು. ತಲೆತುಂಬ ಕೂದಲು. ಗಾಳಿ ಮೂಗಿನ ಹತ್ತಿರವೇ ಕಾದು ನಿಂತಿತ್ತು. ಕೂಸು ಎಳೆದುಕೊಳ್ಳಲಿಲ್ಲ. ಸಾಕವ್ವ ಬೆನ್ನು ಉಜ್ಜಿದಳು, ಅಂಗಾಲು ತಟ್ಟಿದಳು. ಬಿಸಿಲು ನೆತ್ತಿಗೆ ಏರುವ ತನಕ ಉಜ್ಜುತ್ತಲೇ ಇದ್ದಳು.

"ನಾನೇ ಬಿಡಬೇಡ ಅಂದೆ," ಎಂದಳು ಕೊನೆಗೆ.

"ನಾನು ಕೇಳಿಸಿಕೊಂಡೂ ಬಿಡಲಿಲ್ಲ," ಎಂದಿತು ನೋವು.

ಕೆಂಚವ್ವ ಯಾರನ್ನೂ ಬೈಯಲಿಲ್ಲ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದರ ತಲೆ ಒರೆಸುತ್ತಾ ಕೂತಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನೋವಿಗೆ.

ಎರಡು ವರ್ಷ ಕಳೆದು ಅವಳಿಗೆ ಮತ್ತೆ ದಿನ ತುಂಬಿತು. ನೋವು ಬಾಗಿಲ ಬಳಿಯೇ ನಿಂತು, "ಬರಲೇ?" ಎಂದು ಕೇಳಿತು.

"ಬಾರದೆ ಆಗುತ್ತದೆಯೇ," ಎಂದಳು ಕೆಂಚವ್ವ. "ಬಾ. ಮಾಸು ಹೇಳಿದಂತೆ ಕೇಳು."

ನೋವು ಹಿಡಿಯಿತು, ಬಿಟ್ಟಿತು. ಬಿಟ್ಟಾಗ ನೆತ್ತರು ಗಾಳಿಯನ್ನು ಹೊತ್ತು ಓಡಿಬಂತು. ಮಾಸು ಅದನ್ನು ಕೂಸಿಗೆ ದಾಟಿಸಿತು. ನೋವು ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಸಾಕವ್ವ ಅವಸರ ಮಾಡಲಿಲ್ಲ. "ಉಸಿರೆಳೆ, ಕೆಂಚಿ," ಎಂದಷ್ಟೇ ಹೇಳುತ್ತಿದ್ದಳು.

ಸಂಜೆಗೆ ಗಂಡು ಕೂಸು ಹುಟ್ಟಿ ಜೋರಾಗಿ ಅತ್ತಿತು. ಸಾಕವ್ವನೂ ಅತ್ತಳು, ಅವಳಿಗೆ ಮೊದಲ ಕೂಸು ನೆನಪಾಗಿತ್ತು. ನೋವು ಹೊರಟುಹೋಯಿತು.

ಅದಕ್ಕೇ, ಮಗಾ, ಇವತ್ತಿಗೂ ಹೆರಿಗೆ ನೋವು ಬಿಟ್ಟು ಬಿಟ್ಟು ಬರುತ್ತದೆ. ನಮ್ಮ ಮೇಕೆಯೂ ಮರಿ ಹಾಕುವಾಗ ಒಂದಷ್ಟು ಹೊತ್ತು ಮುಲುಗಿ, ನಡುವೆ ಸುಮ್ಮನೆ ನಿಂತು ಉಸಿರೆಳೆದುಕೊಳ್ಳುತ್ತದೆ. ಆಗ ಒಳಗಿನ ಮರಿಗೆ ಗಾಳಿ ಮುಟ್ಟಲೆಂದು ನೋವು ಕೈಬಿಟ್ಟು ಕಾಯುತ್ತಿರುತ್ತದೆ.