ಸೊಂಟಕ್ಕೆ ಒಪ್ಪುವ ಬಳೆ

“ಬುದ್ಧೀ, ನನಗೆ ಒಪ್ಪುವ ಸಾಧನೆ ಯಾವುದು?”

ಕೇಳಿದವನು ಶಂಭುಲಿಂಗ. ಅವನು ಮಠಕ್ಕೆ ಬಂದು ಬಹಳ ಕಾಲವಾಗಿರಲಿಲ್ಲ. ಮೊದಲು ಜಪ ಹಿಡಿದ. ನಾಲಿಗೆ ಒಂದು ಕಡೆ ಮನಸ್ಸು ಒಂದು ಕಡೆ ಎಂದು ಬಿಟ್ಟ. ಧ್ಯಾನಕ್ಕೆ ಕೂತ, ನಿದ್ದೆ ಬರುತ್ತದೆ ಎಂದು ಎದ್ದ. ದಾಸೋಹದ ಅಡುಗೆಮನೆಗೆ ಸೇರಿದ. ಅಲ್ಲಿ ಸಿಟ್ಟು ಬರುತ್ತದೆ ಎಂದು ಹೊರಬಂದ. ಈಗ ಬೇರೆ ಮಠ ನೋಡಿಕೊಳ್ಳುವ ಯೋಚನೆಯಲ್ಲಿದ್ದ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು, ಅಂಥ ಸ್ಥಿತಿ ಅವನದು.

ಗುರುಗಳು ಅವನನ್ನು ಒಮ್ಮೆ ನೋಡಿ ಈ ಕತೆ ಹೇಳಿದರು.

ಒಂದು ಸರ್ಕಸ್ ಡೇರೆಯಲ್ಲಿ ಒಬ್ಬ ಹುಡುಗಿ ಇದ್ದಳು. ಬಳೆ ತಿರುಗಿಸುವುದು ಅವಳ ಆಟ. ಕೈಗೆ ತೊಡುವ ಬಳೆಯಲ್ಲ. ಸೊಂಟಕ್ಕೆ ಹಾಕಿ ಗರಗರ ತಿರುಗಿಸುವ ದೊಡ್ಡ ಬಳೆ, ಪೇಟೆಯ ಮಕ್ಕಳು ಹೂಲಾ ಹೂಪ್ ಎನ್ನುತ್ತಾರಲ್ಲ, ಅದು. ಮೊದಲು ಆ ಆಟ ಆಡುತ್ತಿದ್ದ ಹಿರಿಯಳಿಗೆ ವಯಸ್ಸಾಯಿತು. ಅವಳು ಉಡುಪು ಹೊಲಿಯುತ್ತ ಕೂತಳು, ಆಟ ಹುಡುಗಿಯ ಪಾಲಿಗೆ ಬಂತು. ಬಂತು ಎನ್ನುವುದಷ್ಟೇ, ಕೂಡಿಬರಲಿಲ್ಲ.

ಹಿರಿಯಳದು ಕಬ್ಬಿಣದ ಬಳೆ. ಅವಳು ಗಂಭೀರವಾಗಿ ನಿಂತರೆ ಅದು ಅವಳ ಸುತ್ತ ಪ್ರದಕ್ಷಿಣೆ ಹಾಕಿದಂತೆ ತಿರುಗುತ್ತಿತ್ತು. ಹುಡುಗಿಯ ಸೊಂಟದಲ್ಲಿ ಅದೇ ಬಳೆ ಓಲಾಡಿತು. ಅವಳು ಗಬಕ್ಕನೆ ಹಿಡಿದು, ಇದು ಭಾರ ಎಂದಳು. ನೀರಿನ ಪ್ಲಾಸ್ಟಿಕ್ ಪೈಪು ಬಗ್ಗಿಸಿ, ಬಣ್ಣದ ಟೇಪು ಸುತ್ತಿ ಒಂದು ಬಳೆ ಮಾಡಿಸಿಕೊಂಡಳು. ಅದೂ ಓಲಾಡಿತು. ಹಿಡಿದು, ಇದು ಜಾರುತ್ತದೆ ಎಂದಳು. ಬಿದಿರಿನ ಸೀಳಿನದು ಚುಚ್ಚುತ್ತದೆ ಎಂದಳು. ಬೆತ್ತದ್ದು ಮಕ್ಕಳಾಟದ ಹಾಗಿದೆ ಎಂದು ಮೂಲೆಗಿಟ್ಟಳು. ಮತ್ತೆ ಕಬ್ಬಿಣಕ್ಕೆ ಬಂದಳು. ವಿದೂಷಕ ಒಂದು ಸಲಹೆ ಕೊಟ್ಟ, ಹಗ್ಗದ ಮೇಲೆ ನಡೆಯುವವನು ಇನ್ನೊಂದು ಕೊಟ್ಟ. ಎಲ್ಲವನ್ನೂ ಕೇಳಿದಳು. ಊಟಕ್ಕೆ ಕೂತಾಗಲೂ ಅವಳ ಕಾಲು ನೆಲ ಕುಟ್ಟುತ್ತಿತ್ತು.

ಡೇರೆ ಹೊಸ ಊರಿಗೆ ಬಂತು. ಯಜಮಾನನ ತಾಳ್ಮೆ ಮುಗಿದಿತ್ತು. ಮೊದಲ ಆಟದಲ್ಲಿ ಬಳೆ ಸೊಂಟದಲ್ಲಿ ನಿಲ್ಲದಿದ್ದರೆ ನಿನ್ನನ್ನು ಇದೇ ಊರಲ್ಲಿ ಬಿಟ್ಟು ಹೋಗುತ್ತೇವೆ ಎಂದು ಹೇಳಿಬಿಟ್ಟ. ಬೇರೆಯವರಾದರೆ ತಮ್ಮೂರಿಗೆ ಹೋಗಬಹುದು. ಅವಳು ಹುಟ್ಟಿದ್ದೇ ಡೇರೆಯಲ್ಲಿ. ಹೋಗಲು ಅವಳಿಗೆ ಊರೆಂಬುದೇ ಇರಲಿಲ್ಲ.

ಹೊಸ ಊರಲ್ಲಿ ಆಟ ಶುರುವಾಗುವ ಹಿಂದಿನ ದಿನ ಹೆಣ್ಣುಮಕ್ಕಳೆಲ್ಲ ಅಂಗೈಗೆ ಗೋರಂಟಿ ಹಚ್ಚಿಕೊಳ್ಳುವುದು ಆ ಡೇರೆಯ ಪದ್ಧತಿ. ಹಿರಿಯಳು ಹುಡುಗಿಯ ಎರಡು ಕೈಗೂ ಧಾರಾಳವಾಗಿ ಮೆತ್ತಿದಳು, ಬೆರಳಿನ ತುದಿಗಳನ್ನೂ ಬಿಡಲಿಲ್ಲ. ಆಮೇಲೆ ಎಲ್ಲ ಬಳೆಗಳನ್ನೂ ತಂದು ಮುಂದಿಟ್ಟು, “ಏಳು, ತಿರುಗ್ಸು” ಎಂದಳು.

“ಕೈಯಲ್ಲಿ ಗೋರಂಟಿ ಅದೆಯಲ್ಲ ದೊಡ್ಡವ್ವ!”

“ತಿರುಗ್ಸೋದು ಸೊಂಟದಲ್ಲಿ ಕಣವ್ವ. ಕೈ ಯಾಕೆ ಬೇಕು ನಿಂಗೆ?”

ಹಿರಿಯಳೇ ಕಬ್ಬಿಣದ ಬಳೆಯನ್ನು ಅವಳ ತಲೆಯ ಮೇಲಿಂದ ಇಳಿಸಿ ತಿರುಗಿಸಿಬಿಟ್ಟಳು. ಅದು ಓಲಾಡಿತು. ಹುಡುಗಿಯ ಕೈ ಚಾಚಿತು, ಗೋರಂಟಿ ಕೆಡುತ್ತದೆಂದು ಹಿಂದಕ್ಕೆ ಬಂತು. ಬಳೆ ಧಡ್ಡೆಂದು ಬಿದ್ದು ಕಾಲಿನ ಹರಡು ಜಜ್ಜಿತು. ಪೈಪಿನ ಬಳೆ ನುಣುಪು ಉಡುಪಿನ ಮೇಲೆ ಸರ್ರನೆ ಜಾರಿ ಪಾದದಲ್ಲಿ ಕೂತಿತು. ಬಿದಿರಿನದು ಬಟ್ಟೆಗೆ ಸಿಕ್ಕಿಕೊಂಡು ನಿಂತೇಹೋಯಿತು. ಹುಡುಗಿಗೆ ಅಳು ಬಂತು, ಹಿರಿಯಳ ಮೇಲೆ ಕೆಟ್ಟ ಸಿಟ್ಟೂ ಬಂತು. ತಾನು ಮುಳುಗುತ್ತಿರುವಾಗ ಇವಳು ತಮಾಷೆ ನೋಡುತ್ತಿದ್ದಾಳೆ ಎಂದುಕೊಂಡಳು.

ಉಳಿದದ್ದು ಬೆತ್ತದ್ದು. ಅದೂ ಓಲಾಡಿತು, ಇಳಿಯಿತು. ಸೊಂಟ ದಾಟಿ ತೊಡೆಗೆ ಬಂತು, ತೊಡೆ ದಾಟಿ ಮೊಣಕಾಲಿಗೆ ಬಂತು. ಹಿಡಿಯುವಂತಿಲ್ಲ. ಅವಳು ಎರಡೂ ಕೈ ಮೇಲೆತ್ತಿಕೊಂಡಳು. ಕಾಲು ಮಾತ್ರ ಎಂದಿನಂತೆ ಚಡಪಡಿಸಿತು, ಮೊಣಕಾಲು ಹಿಂದೆ ಮುಂದೆ ಬಡಬಡ ಆಡಿತು. ಬೆತ್ತ ಹಗುರ, ಅದರ ಮೈ ಒರಟು. ಅದು ಕಾಲಿಗೆ ಅಂಟಿಕೊಂಡಿತು, ತಿರುಗಿತು, ತೊಡೆಗೆ ಏರಿತು, ಸೊಂಟಕ್ಕೆ ಏರಿತು. ಎತ್ತಿದವರು ಯಾರು ಎಂದು ಹುಡುಗಿಗೇ ತಿಳಿಯಲಿಲ್ಲ. ಅಳುತ್ತಲೇ ನಕ್ಕುಬಿಟ್ಟಳು.

“ಇಳೀದೆ ಇರೋ ಬಳೆ ಯಾವುದೂ ಇಲ್ಲ. ನನ್ ಕಬ್ಬಿಣಾನೂ ಇಳೀತಿತ್ತು,” ಎಂದಳು ಹಿರಿಯಳು. “ಇಳಿದಾಗ ನಿನ್ ಕಾಲಿಗೆ ಎತ್ತೋಕೆ ಯಾವುದು ಸಿಗ್ತದೋ ಅದೇ ನಿಂದು.”

ಮರುದಿನ ಜನರ ಮುಂದೆಯೂ ಬಳೆ ಎಷ್ಟೋ ಸಲ ಮೊಣಕಾಲಿಗೆ ಇಳಿಯಿತು. ಪ್ರತಿ ಸಲವೂ ಡೇರೆ ಉಸಿರು ಬಿಗಿಹಿಡಿಯಿತು. ಪ್ರತಿ ಸಲವೂ ಬಳೆ ಏರಿತು. ಮುಂದಿನ ಊರಿಗೆ ಗಾಡಿ ಹೊರಟಾಗ ಹುಡುಗಿ ಅದರಲ್ಲಿದ್ದಳು.

ಕತೆ ಮುಗಿಯಿತು. ಶಂಭುಲಿಂಗನ ಮುಖ ಅರಳಿತು. ಉತ್ತರ ಕೈಗೆ ಸಿಕ್ಕೇಬಿಟ್ಟಿತು ಎಂದು ಅವನಿಗೆ ಅನ್ನಿಸಿತ್ತು.

“ಹಾಗಾದರೆ ಹೇಳಿಬಿಡಿ ಬುದ್ಧೀ. ನನ್ನ ಬೆತ್ತ ಯಾವುದು? ಜಪವೋ, ಧ್ಯಾನವೋ, ದಾಸೋಹವೋ?”

ಗುರುಗಳು ಕೇಳಿದರು: “ಅವುಗಳಲ್ಲಿ ಯಾವುದನ್ನು ನೀನು ಮೊಣಕಾಲಿನವರೆಗೆ ಇಳಿಯಲು ಬಿಟ್ಟಿದ್ದೆ?”