ಕಲ್ಲಿನ ಮಾತು ಬಲ್ಲ ನರಿ

ಒಂದು ಕಾಡಿನಲ್ಲಿ, ಎತ್ತರದ ಬೆಟ್ಟಗಳ ಬುಡದಲ್ಲಿ, ಹೊಳೆಯ ದಂಡೆಗೆ ಅಂಟಿಕೊಂಡಂತೆ ಪ್ರಾಣಿಗಳದೇ ಒಂದು ಪುಟ್ಟ ಊರಿತ್ತು. ಬೇಸಿಗೆ ಬಂದರೆ ಸಾಕು, ದೂರದ ಕಾಡುಗಳಿಂದ ಪ್ರವಾಸಿಗರು ಹಿಂಡುಹಿಂಡಾಗಿ ಬರುತ್ತಿದ್ದರು. ಹೊನ್ನಿ ಎಂಬ ನೀರುನಾಯಿ ಅವರನ್ನು ತೆಪ್ಪದಲ್ಲಿ ಕೂರಿಸಿ ಹೊಳೆ ಸುತ್ತಿಸುತ್ತಿದ್ದಳು. ಮುಸುವ ಕೋತಿ ಅವರನ್ನು ಬೆಟ್ಟದ ತುದಿಗೆ ಕರೆದೊಯ್ದು ಸೂರ್ಯೋದಯ ತೋರಿಸುತ್ತಿದ್ದ. ಜಲಪಾತದ ಪಕ್ಕ ಕರಡಿಯ ಜೇನಿನ ಅಂಗಡಿ. ಬಂದವರು ಖುಷಿಯಾಗಿ ಹಣ್ಣುಹಂಪಲು ಕೊಟ್ಟು ಹೋಗುತ್ತಿದ್ದರು.

ಅದೇ ಊರಿನಲ್ಲಿ ಕೆಂಚಣ್ಣ ಎಂಬ ನರಿಯಿದ್ದ. ತೆಪ್ಪಕ್ಕೆ ಹುಟ್ಟು ಹಾಕು ಎಂದರೆ ಅವನಿಗೆ ಕೈನೋವು. ಬೆಟ್ಟ ಹತ್ತು ಎಂದರೆ ಕಾಲುನೋವು. ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ.

ಹೊಳೆಯಲ್ಲಿ ದಡದ ಹತ್ತಿರವೇ ಒಂದು ಕರಿಯ ಗುಂಡುಕಲ್ಲು ಇತ್ತು. ಒಂದು ದಿನ ಕೆಂಚಣ್ಣ ಅದರ ಮೇಲೆ ಹತ್ತಿ ನಿಂತು ಕೂಗಿದ.

"ಬನ್ನಿ, ಬನ್ನಿ! ಇದು ಬಂಡೆಯಲ್ಲ, ಶಾಪದಿಂದ ಕಲ್ಲಾದ ಆನೆ! ಇದರ ಮಾತು ಇಡೀ ಕಾಡಿನಲ್ಲಿ ನನಗೊಬ್ಬನಿಗೇ ಕೇಳಿಸುವುದು!"

ಪ್ರವಾಸಕ್ಕೆ ಬಂದಿದ್ದ ಮೊಲಗಳು ಓಡಿ ಬಂದವು. "ಈಗ ಏನು ಹೇಳುತ್ತಿದೆ?"

ಕೆಂಚಣ್ಣ ಕಲ್ಲಿಗೆ ಕಿವಿಯಿಟ್ಟ. "ಪಾಪ, ಹಸಿವಂತೆ. ಮಾವಿನಹಣ್ಣು ಬೇಕಂತೆ."

ಮಾವಿನಹಣ್ಣು ಬಂತು. ಮರುದಿನ ಕಲ್ಲಿಗೆ ಹಲಸಿನ ತೊಳೆ ಬೇಕೆನಿಸಿತು. ಅದರ ಮರುದಿನ ಜೇನು. ಕಲ್ಲು ಇದ್ದಷ್ಟೇ ಇತ್ತು, ಕೆಂಚಣ್ಣನ ಹೊಟ್ಟೆ ಮಾತ್ರ ದುಂಡಗಾಯಿತು.

"ಸಾಕು ಮಾಡೋ," ಎಂದಳು ಹೊನ್ನಿ. "ಯಾರಾದರೂ ನಿಜ ಅಂದುಕೊಂಡಾರು."

"ಅಂದುಕೊಳ್ಳಲಿ ಅಂತಲೇ ಹೇಳುತ್ತಿರುವುದು," ಎಂದು ಕೆಂಚಣ್ಣ ಬೆರಳು ನೆಕ್ಕಿದ.

ಸುದ್ದಿ ಬೆಟ್ಟ ದಾಟಿತು. ಒಂದು ಬೆಳಿಗ್ಗೆ ನೆಲ ನಡುಗಿತು. ಆನೆಗಳ ಹಿಂಡೇ ಬಂದಿತ್ತು. ಮುಂದೆ ಬೋರಜ್ಜಿ ಎಂಬ ಮುದಿ ಆನೆ. ಅವಳು ನೇರವಾಗಿ ನೀರಿಗಿಳಿದು, ಸೊಂಡಿಲಿನಿಂದ ಕಲ್ಲನ್ನು ಸವರಿದಳು. ಅವಳ ಕಣ್ಣು ತುಂಬಿ ಬಂತು.

"ಕಾಳಾ, ತಮ್ಮಾ! ಪ್ರವಾಹದ ವರ್ಷ ಕೈತಪ್ಪಿ ಹೋದವನು, ಇಲ್ಲಿ ಕಲ್ಲಾಗಿ ಕೂತೆಯಾ?"

ಕಲ್ಲಿನ ಮೇಲೆ ಕೂತಿದ್ದ ಕೆಂಚಣ್ಣ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಆದರೆ ಆನೆಗಳ ಸೊಂಡಿಲಲ್ಲಿ ಕಬ್ಬಿನ ಜಲ್ಲೆಗಳಿದ್ದವು.

"ಹೌದಜ್ಜಿ, ಇವನು ಕಾಳನೇ," ಎಂದ. "ಅಕ್ಕ ಬಂದಳು ಅಂತ ಅಳುತ್ತಿದ್ದಾನೆ. ಕಬ್ಬನ್ನು ಇಲ್ಲೇ ಇಡಬೇಕಂತೆ."

ಬೋರಜ್ಜಿ ಕಣ್ಣೊರೆಸಿಕೊಂಡಳು. "ಇನ್ನು ಇವನು ಈ ಚಳಿ ನೀರಿನಲ್ಲಿ ಕೂರುವುದು ಬೇಡ. ಏಳಿ ಮಕ್ಕಳೇ, ಮಾವನನ್ನು ಮನೆಗೆ ಉರುಳಿಸಿಕೊಂಡು ಹೋಗೋಣ. ನೀನೂ ಹೊರಡಪ್ಪ ನರಿ."

"ನಾನಾ? ನಾನ್ಯಾಕಜ್ಜಿ?"

"ಅವನ ಮಾತು ನಮಗೆ ಯಾರು ತಿಳಿಸಬೇಕು? ನೀನಿನ್ನು ಸಾಯುವವರೆಗೂ ನಮ್ಮ ಜೊತೆಗೇ ಇರು. ಮೂರು ಬೆಟ್ಟ ದಾಟಿದರೆ ನಮ್ಮ ಕಾಡು. ದಿನಾ ಹೊತ್ತು ಮೂಡುವ ಮೊದಲೇ ನಡೆಯಲು ಶುರು ಮಾಡುತ್ತೇವೆ. ಮೇವಿಗೇನೂ ಕೊರತೆಯಿಲ್ಲ, ಬೇಕಾದಷ್ಟು ಬಿದಿರು."

"ಬಿದಿರಾ!" ಕೆಂಚಣ್ಣ ಕಿರುಚಿದ. "ಅಜ್ಜಿ, ಕಾಳನಿಗೆ ಇಲ್ಲೇ ಇರಬೇಕಂತೆ!"

"ಸಣ್ಣವನಿದ್ದಾಗಲೂ ಹೀಗೇ ಹಠ ಮಾಡುತ್ತಿದ್ದ. ನೀವು ತಳ್ಳಿ ಮಕ್ಕಳೇ!"

ಆನೆಗಳು ಹಣೆಯೊಡ್ಡಿ ತಳ್ಳಿದವು. ಕಲ್ಲು ಅಲುಗಾಡಿತು. ಮೇಲಿದ್ದ ಕೆಂಚಣ್ಣ ನಾಲ್ಕೂ ಕಾಲಿನಿಂದ ಕಲ್ಲನ್ನು ಅಪ್ಪಿಕೊಂಡ.

"ನಿಲ್ಲಿಸಿ! ಇದು ಆನೆಯಲ್ಲ, ಬರೀ ಕಲ್ಲು!"

ಬೋರಜ್ಜಿ ಕೈಯೆತ್ತಿದಂತೆ ಸೊಂಡಿಲೆತ್ತಿದಳು. ಎಲ್ಲರೂ ನಿಂತರು. "ಈ ಮಾತು ಕಾಳ ಹೇಳಿದ್ದೋ, ನೀನು ಹೇಳಿದ್ದೋ?"

"ನಾನೇ ಹೇಳಿದ್ದು! ಕಲ್ಲಿಗೆಲ್ಲಿಯ ಮಾತಜ್ಜಿ? ಇಷ್ಟು ದಿನವೂ ಎಲ್ಲ ನಾನೇ ಹೇಳಿದ್ದು, ನಾನೇ ತಿಂದದ್ದು!"

ದಡದಲ್ಲಿದ್ದ ಮೊಲಗಳು ಬಾಯಿ ಬಿಟ್ಟುಕೊಂಡು ನಿಂತವು. ಬೋರಜ್ಜಿ ಎತ್ತಿದ ಸೊಂಡಿಲನ್ನು ಇಳಿಸಿದಳು. ಆಮೇಲೆ ಮೆಲ್ಲಗೆ ಉಸಿರುಬಿಟ್ಟಳು.

"ಹಾಗಾದರೆ ನನ್ನ ತಮ್ಮ ಕಲ್ಲಾಗಿಲ್ಲ. ಎಲ್ಲಾದರೂ ಬದುಕಿರಬಹುದು. ಆ ಒಂದು ಮಾತಿಗಾಗಿ ನಿನ್ನ ಪ್ರಾಣ ಉಳಿಸುತ್ತೇನೆ."

ಹಾಗೆಂದು ಒಂದೇ ಒಂದು ಸಲ, ತಾನೊಬ್ಬಳೇ, ಕಲ್ಲನ್ನು ತಳ್ಳಿದಳು. ಕೆಂಚಣ್ಣ ಗಾಳಿಯಲ್ಲಿ ಪಲ್ಟಿ ಹೊಡೆದು, ದೊಪ್ಪೆಂದು ಕೆಸರುನೀರಿಗೆ ಬಿದ್ದ. ದಡದಲ್ಲಿ ನೆರೆದಿದ್ದ ಪ್ರವಾಸಿಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊನ್ನಿಯೇ ಅವನ ಬಾಲ ಹಿಡಿದು ದಡಕ್ಕೆಳೆದಳು.

ಮರುದಿನ ಕೆಂಚಣ್ಣ ಬಾಯಿ ಮುಚ್ಚಿಕೊಂಡು ಹೊನ್ನಿಯ ತೆಪ್ಪದಲ್ಲಿ ಹುಟ್ಟು ಹಾಕುತ್ತಿದ್ದ. ದಡದಲ್ಲಿ ಮೊಲದ ಮರಿಗಳ ದೊಡ್ಡ ಸಾಲೇ ನಿಂತಿತ್ತು. ಒಂದು ಮರಿ ಕೂಗಿ ಕೇಳಿತು:

"ನರಿಮಾಮಾ, ನೀವು ಬೀಳುವ ಆಟ ಎಷ್ಟು ಹೊತ್ತಿಗೆ ಶುರು?"

ನೀತಿ: ನಂಬಿ ಬಂದವರಿಗೆ ಸುಳ್ಳು ಹೇಳಿ ಹೊಟ್ಟೆ ಹೊರೆಯುವವನನ್ನು, ಆ ಸುಳ್ಳೇ ಒಂದು ದಿನ ಸಿಕ್ಕಿಸಿಹಾಕುತ್ತದೆ.