ಕೈಯಲ್ಲೇ ಉಳಿದ ಬ್ಯಾಟು

ಹೊಳೆದಂಡೆಯ ಗರಡಿಯ ಮುಂದೆ ಚೆಲುವರಾಜ ಬೆಳಗಿನಿಂದ ಶತಪಥ ಹಾಕುತ್ತಿದ್ದ. ಒಳಗೆ ಹೋಗಲು ನಾಚಿಕೆ, ಹಿಂದಿರುಗಲು ಭಯ.

ಗರಡಿಯ ಗುರು ಜಟ್ಟಪ್ಪನವರು ಬಾಗಿಲಿಗೆ ಬಂದು ನಿಂತರು. ಊರೆಲ್ಲ ಅವರನ್ನು ವಸ್ತಾದರು ಎಂದೇ ಕರೆಯುತ್ತಿತ್ತು.

"ಏನೋ, ನನ್ನ ಅಂಗಳ ಅಳೀತಿದೀಯಾ?"

"ಮತ್ತೆ ಕುಸ್ತಿಗೆ ಬಂದೆ, ವಸ್ತಾದರೇ. ಸೇರಿಸ್ಕೊಳ್ಳಿ."

"ಕುಸ್ತಿ ಬಿಟ್ಟು ಕಬಡ್ಡಿಗೆ ಹೋದೆ. ಅದನ್ನೂ ಬಿಟ್ಟು ಭರ್ಜಿ ಎಸೆದೆ. ಆಮೇಲೆ ಕ್ರಿಕೆಟ್ಟು. ಈಗ ಅದ್ಯಾವುದೋ ಪರದೇಶದ ಆಟ ಆಡಿ ಸಂಬಳ ತಗೋತಿದೀಯ ಅಂತ ಕೇಳಿದ್ದೆ."

"ಬೇಸ್‌ಬಾಲ್."

"ಅದಕ್ಕೇನು ಬಂತು?"

ಚೆಲುವರಾಜ ಕಾಲಿನಿಂದ ನೆಲ ಕೆರೆದ.

"ಅದರಲ್ಲಿ ಚೆಂಡು ಹೊಡೆದ ಮೇಲೆ ಬ್ಯಾಟನ್ನ ಅಲ್ಲೇ ಬಿಟ್ಟು ಓಡ್ಬೇಕು. ನಾನು ಹಿಡ್ಕೊಂಡೇ ಓಡಿದೆ. ಕ್ರಿಕೆಟ್ ಆಡಿದ ಕೈ ನೋಡಿ. ಅದರ ಭಾರಕ್ಕೆ ಓಟ ನಿಧಾನವಾಗಿ ಕೂದಲೆಳೆಯಲ್ಲಿ ಔಟಾದೆ, ಪಂದ್ಯವೂ ಹೋಯ್ತು. ಜನ ಬಿದ್ದು ಬಿದ್ದು ನಕ್ಕರು."

"ಹೊಡೆತ ಹೇಗಿತ್ತು?"

"ಹೊಡೆತ ಚೆನ್ನಾಗಿತ್ತು."

"ತಂಡದವರು ಏನಂದರು?"

"ನಾಳೆಯ ಪಂದ್ಯವೇ ಕೊನೇ ಅವಕಾಶ ಅಂದರು. ನಾನು ಹೋಗಲ್ಲ. ಮತ್ತೆ ಅದೇ ತಪ್ಪು ಮಾಡ್ತೀನಿ. ಆಡಿದ ಆಟಗಳೆಲ್ಲ ಮೈಯೊಳಗೆ ಸೇರ್ಕೊಂಡು ಗುದ್ದಾಡ್ತಿವೆ. ನನ್ನ ಆಟ ಯಾವುದು, ನೀವೇ ಹೇಳಿಬಿಡಿ."

"ಮೊದಲು ಮಣ್ಣು ಅಗಿ." ವಸ್ತಾದರು ಗುದ್ದಲಿ ಕೈಗಿಟ್ಟರು.

ಅವನು ಅಖಾಡದ ಕೆಮ್ಮಣ್ಣು ಅಗೆದ. ಹೆಂಟೆ ಒಡೆದ. ಬೆವರು ಇಳಿಯಿತು, ಮನಸ್ಸಿನ ಭಾರ ಮಾತ್ರ ಇಳಿಯಲಿಲ್ಲ.

ವಸ್ತಾದರು ಲಂಗೋಟಿ ಬಿಗಿದು ಬಂದರು. ಕೈ ಕೈ ಕೂಡಿತು. ಮರುಗಳಿಗೆಯಲ್ಲಿ ಚೆಲುವರಾಜ ಅಂಗಾತ ಬಿದ್ದಿದ್ದ.

"ಎಲ್ಲಿತ್ತೋ ಗಮನ?"

"ರಸ್ತೇಲಿ ಬಸ್ಸಿನ ಸದ್ದು ಕೇಳ್ತು."

"ಹೋಗಲ್ಲ ಅಂದವನಿಗೆ ಬಸ್ಸಿನ ಸದ್ದು ಯಾಕೆ ಕೇಳ್ಬೇಕು?"

ಅವನು ಎದ್ದ. ಅಖಾಡದ ಅಂಚಿಗೆ ಬಂದು ತೋಳು, ಎದೆ, ತೊಡೆಗೆ ಮೆತ್ತಿದ ಮಣ್ಣನ್ನು ಒಳಗೇ ಉದುರಿಸಿ ಹೊರಗೆ ಕಾಲಿಟ್ಟ.

"ಈಗೇನು ಮಾಡಿದೆ?" ವಸ್ತಾದರು ಕೇಳಿದರು.

"ಮಣ್ಣು ಉದುರಿಸಿದೆ. ಗರಡಿಯ ಮಣ್ಣನ್ನ ಗರಡಿಯಲ್ಲೇ ಬಿಟ್ಟು ಬರ್ಬೇಕು ಅಂತ ನೀವೇ ಅಲ್ವಾ ಕಲಿಸಿದ್ದು?"

"ಇವತ್ತು ಯಾರು ನೆನಪಿಸಿದರು?"

"ಯಾರೂ ಇಲ್ಲ. ಕೈ ತಾನೇ ಉದುರಿಸ್ತು."

"ಮಣ್ಣಿನ ಜೊತೆ ಇಲ್ಲಿ ಗಳಿಸಿದ ಕಸುವೂ ಉದುರಿಹೋಯ್ತಾ?"

ಚೆಲುವರಾಜ ತನ್ನ ಅಂಗೈಯನ್ನೇ ನೋಡಿಕೊಂಡ.

ಆಮೇಲೆ ಹೊಳೆಗಿಳಿದು ಮೈ ತೊಳೆದು ಬಂದ. ಅಂಗಿ ತೊಟ್ಟ. ಗುರುವಿನ ಕಾಲು ಮುಟ್ಟಿದ.

"ಬಸ್ಸು ಎಷ್ಟೊತ್ತಿಗೆ?" ವಸ್ತಾದರು ಕೇಳಿದರು.

"ಇನ್ನೇನು ಬರುತ್ತೆ."

ಹೊರಟವನು ಬಾಗಿಲಲ್ಲಿ ನಿಂತು ಹಿಂದಿರುಗಿದ. ಅಖಾಡದ ಅಂಚಿನಲ್ಲಿ ಬಗ್ಗಿ ಒಂದು ಹಿಡಿ ಕೆಮ್ಮಣ್ಣು ತೆಗೆದುಕೊಂಡ.

"ಅದ್ಯಾಕೋ?"

"ನಾಳೆ ಜೊತೇಲಿ ಇರಲಿ ಅಂತ, ವಸ್ತಾದರೇ. ಧೈರ್ಯಕ್ಕೆ."

ವಸ್ತಾದರು ಅವನ ಮುಷ್ಟಿಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮಣ್ಣು ಅಖಾಡಕ್ಕೇ ಸುರಿಯಿತು.

"ಇದನ್ನೂ ಹಿಡ್ಕೊಂಡೇ ಓಡ್ತೀಯೇನೋ?"